ಬೀಗ ಹಾಕಿದ ಬಾತ್‌ರೂಮ್

ಆ ಕಾಲದಲ್ಲಿ ನಮ್ಮ ಬಳಗಾನೂರಿನ ಮನೆಗಳಲ್ಲಿ ಬಚ್ಚಲಿತ್ತು, ಬಾತ್‌ರೂಮ್ ಇರಲಿಲ್ಲ. ಆ ಮಾತು ನಮಗೆ ಸಿಕ್ಕಿದ್ದೇ ಶಾಲೆಯಲ್ಲಿ. ಅಲ್ಲಿ ಅದಕ್ಕೂ ಸ್ನಾನಕ್ಕೂ ಸಂಬಂಧವಿರಲಿಲ್ಲ. ಕಿರುಬೆರಳೆತ್ತಿ "ಸರ್, ಬಾತ್‌ರೂಮ್ ಬಂದೈತ್ರಿ" ಎನ್ನುತ್ತಿದ್ದೆವು. ಸಣ್ಣವರು ಚಡ್ಡಿ ಒದ್ದೆ ಮಾಡಿಕೊಂಡರೆ "ಬಾತ್‌ರೂಮ್ ಮಾಡ್ಯಾನ್ರಿ" ಎಂದು ಚಾಡಿ. ಗಂಡುಹುಡುಗರ ಬಾತ್‌ರೂಮ್ ಎಂದರೆ ಶಾಲೆಯ ಹಿಂದಿನ ಗೋಡೆ. ಬಿಸಿಲೇರಿದರೆ ಅದರ ನಾತ ಬಿಸಿಯೂಟದ ಸಾರಿನ ವಾಸನೆಯನ್ನೂ ನುಂಗುತ್ತಿತ್ತು. ನಾವು ಹುಡುಗಿಯರದು ಅದರಾಚೆಯ ಹೊಲ. ಬಾಗಿಲ ಮೇಲೆ ಅದೇ ಹೆಸರು ಬರೆದ ಕೋಣೆಯೂ ಒಂದಿತ್ತು. ತಪಾಸಣೆಯ ಸಾಹೇಬರು ಬಂದಾಗ ಮಾತ್ರ ಅದರ ಬೀಗ ತೆಗೆಯುತ್ತಿದ್ದರು.

ನಾನು ಏಳನೇ ತರಗತಿಯಲ್ಲಿದ್ದಾಗ ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟರು. ಹೊಲವೆಲ್ಲ ಕೆಸರುಗದ್ದೆಯಾಗಿ, ನೆಲ್ಲಿನ ಸಸಿ ಹಚ್ಚುವ ಆಳುಗಳಿಂದ ತುಂಬಿತು. ನಮಗೆ ಮರೆಯೇ ಉಳಿಯಲಿಲ್ಲ. ಸುತ್ತ ನೀರೋ ನೀರು, ನಾವು ಮಾತ್ರ ಬೆಳಿಗ್ಗೆಯಿಂದ ಗುಟುಕು ನೀರು ಕುಡಿಯದೆ ಕೂಡುತ್ತಿದ್ದೆವು.

ನನ್ನ ಪಕ್ಕ ಕೂಡುತ್ತಿದ್ದ ಶಮೀಮ್ ಗಾದಿ ಹೊಲಿಯುವವರ ಮಗಳು. ಹೈಸ್ಕೂಲು ಸೇರುತ್ತೇನೆಂದು ಹಟ ಹಿಡಿದು ಅಪ್ಪನನ್ನು ಒಪ್ಪಿಸಿದ್ದಳು. ನೀರು ಕುಡಿಯುವುದನ್ನೇ ಬಿಟ್ಟು ಅವಳಿಗೆ ಉರಿಮೂತ್ರ ಹತ್ತಿತು. ಚೆನ್ನಾಗಿ ನೀರು ಕುಡಿಯಬೇಕು ಎಂದರು ಡಾಕ್ಟರು. ಕುಡಿದೇ ಬಂದಳು. ಮಧ್ಯಾಹ್ನ ತಡೆಯಲಾರದೆ ಎದ್ದು ನಿಂತಳು.

"ಸರ್, ಆ ಕ್ವಾಣಿ ಕೀಲಿ ಕೊಡ್ರಿ."

"ಅದು ನಿಮಗಲ್ಲ ಬೇ. ಗಲೀಜು ಮಾಡ್ತೀರಿ. ಕೂಡು."

ಕೂತಳು. ಸ್ವಲ್ಪ ಹೊತ್ತಿಗೆ ಅವಳ ಲಂಗದಡಿಯಿಂದ ಹರಿದದ್ದು ಮುಂದೆ ಕೂತ ಹುಡುಗರ ಚೀಲ ಮುಟ್ಟಿತು. ಅವರು "ಥೂ" ಎಂದು ಎದ್ದರು. ಸರ್ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ನನಗೆ ಹೇಸಿಗೆ ಹುಟ್ಟಿದ್ದು ಆ ಕರವಸ್ತ್ರ ಕಂಡು.

ಮರುದಿನ ಅವಳ ಅಮ್ಮೀ ಬಂದಳು. "ಇಜ್ಜತ್ ಹೋಗಾ ಸಾಲಿ ನಮಗ ಬ್ಯಾಡ್ರಿ" ಎಂದು ಚೀಲ ತೆಗೆದುಕೊಂಡು ಹೋದಳು. ಸರ್ ತಡೆಯಲಿಲ್ಲ. ಅದೇ ವಾರ ಸಾಹೇಬರು ಬಂದರು. ಬೀಗ ತೆಗೆದರು, ಫಿನೈಲ್ ಘಮ್ಮೆಂದಿತು. "ಚೊಲೋ ಇಟ್ಟೀರಿ" ಎಂದು ಹೊಗಳಿ ಹೋದರು.

ಈಗ ನನ್ನ ಮಗಳು ಅದನ್ನು ವಾಶ್‌ರೂಮ್ ಎನ್ನುತ್ತಾಳೆ. ಮಾತು ನಾಜೂಕಾಗಿದೆ. ಹೋದ ತಿಂಗಳು ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಶಮೀಮ್ ಸಿಕ್ಕಳು. ಗೊರೇಬಾಳದಲ್ಲಿ ನೆಲ್ಲು ಹಚ್ಚಲು ಕೂಲಿಗೆ ಹೋಗುತ್ತಾಳಂತೆ. ನಾನು ಟೀಚರಾಗಿರುವುದನ್ನು ಕೇಳಿ ಅಂದಳು:

"ಲೆಕ್ಕದಾಗ ನಿನಗಿಂತ ನಾನೇ ಶಾಣ್ಯಾಕಿ ಇದ್ದೆ, ಹೌದಿಲ್ಲ?"

"ಹೌದು, ನೀನೇ ಇದ್ದಿ" ಎಂದೆ.

ನಾನು ಮಕ್ಕಳಿಗೆ ಕಲಿಸುವುದು ಲೆಕ್ಕವನ್ನೇ. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.