ಹೆಸರಾದ ಕ್ಯಾಸೆಟ್ಟಿಗಿಂತ ಮುಂಚಿನದು

ನನಗಾಗ ಅರವತ್ತೊಂದು. ಐದು ವರ್ಷದ ಹಿಂದಿನ ಮಾತು. ವಿಜಯಪುರಕ್ಕೆ ಬಂದ ಮೊದಲ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯಲು ಕುಳಿತೆ. ನಾಲ್ಕನೆಯ ರೊಟ್ಟಿಗೆ ಯಾರೋ ಬಾಗಿಲು ಬಡಿದರು. ಮೇಲಿನ ಮನೆಯ ಹೆಂಗಸು. ಮಕ್ಕಳು ಮಲಗಿದ್ದಾರೆ, ಈ ಸಪ್ಪಳ ನಿಲ್ಲಿಸು ಎಂದಳು. ಯಾವ ಸಪ್ಪಳ ಎಂದು ಕೇಳಿದೆ. ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ನಮ್ಮ ಊರಲ್ಲಿ ಒಂದು ಮನೆಯಿಂದ ಬೆಳಿಗ್ಗೆ ರೊಟ್ಟಿಯ ಸಪ್ಪಳ ಕೇಳದಿದ್ದರೆ ಯಾರಿಗೆ ಹುಷಾರಿಲ್ಲವೋ ಎಂದು ನೋಡಲು ಬರುತ್ತಾರೆ. ಇಲ್ಲಿ ಕೇಳಿದರೆ ಬರುತ್ತಾರೆ.

ನಮ್ಮ ಊರು ಟಿಕೋಟಾದ ಆಚೆ. ಗಂಡ ಸತ್ತ ವರ್ಷವೇ ಮೈದುನ ನಾನಿದ್ದ ಮನೆ ಕೆಡವಿ ದ್ರಾಕ್ಷಿ ಒಣಗಿಸುವ ಶೆಡ್ಡು ಹಾಕಿದ. ನನಗೆ ಮಕ್ಕಳಿಲ್ಲ. ಶೆಡ್ಡಿನ ಮೂಲೆಯಲ್ಲಿ ಮಲಗು ಎಂದ. ಎರಡು ತಿಂಗಳು ದ್ರಾಕ್ಷಿಗೆ ಹಾಕುವ ಗಂಧಕದ ಹೊಗೆಯಲ್ಲಿ ಮಲಗಿದೆ. ಗಂಟಲು ಹೋಯಿತು. ಬಟ್ಟೆ ಗಂಟು ಕಟ್ಟಿ ಬಸ್ಸು ಹತ್ತಿದೆ.

ಸೊಲ್ಲಾಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿಯ ಹಿಂದೆ ಒಂದು ಖೋಲಿ ಸಿಕ್ಕಿತು. ಖೋಲಿ ಎಂದರೆ ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ಮನೆಯೊಡತಿ ಕಾಶೀಬಾಯಿ ನಲವತ್ತರ ಹೆಂಗಸು, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ರೊಟ್ಟಿ ಹಲಗೆಯ ಕೆಳಗೆ ಎರಡು ಗೋಣಿಚೀಲ ಮಡಚಿ ಹಾಕಿ, "ಈಗ ಎಷ್ಟರ ಬಡಿ ಆಯಿ, ಮ್ಯಾಲಿನಾಕೀಗಿ ಕೇಳಂಗಿಲ್ಲ" ಎಂದಳು. ಒಂದು ಖಾನಾವಳಿಗೆ ರೊಟ್ಟಿ ಮಾಡಿಕೊಡುವ ಕೆಲಸ ಹಿಡಿದೆ. ಊರಲ್ಲಿ ನನ್ನ ರೊಟ್ಟಿ ತಿಂದವರು ದಪ್ಪವಾಯಿತು, ತೆಳುವಾಯಿತು ಎಂದು ಮುಖಕ್ಕೇ ಹೇಳುತ್ತಿದ್ದರು. ಇಲ್ಲಿ ತಿನ್ನುವವರ ಮುಖವನ್ನೇ ನಾನು ನೋಡಲಿಲ್ಲ.

ಊರಲ್ಲಿ ಬಾವಿಗೆ ಹೋಗಿ ಬರುವಷ್ಟರಲ್ಲಿ ಹತ್ತು ಮಂದಿ ಎಲ್ಲಿಗೆ ಹೊಂಟಿ ಎಂದು ಕೇಳುತ್ತಾರೆ. ಆಗ ಸಿಟ್ಟು ಬರುತ್ತಿತ್ತು. ಇಲ್ಲಿ ಒಂದು ತಿಂಗಳು ಯಾರೂ ಕೇಳಲಿಲ್ಲ. ಒಂದು ದಿನ ರಸ್ತೆಯ ಬದಿಗೆ ಸುಮ್ಮನೆ ನಿಂತಿದ್ದೆ. ಆಟೋದವನು ನಿಲ್ಲಿಸಿ, "ಎಲ್ಲಿಗಿ ಹೋಗಬೇಕು ಆಯಿ?" ಎಂದ. ಎಲ್ಲಿಗೂ ಇಲ್ಲ ಎಂದೆ. ಬೈದು ಹೋದ. ಆದರೂ ಅಂದು ಸಮಾಧಾನವಾಯಿತು.

ಒಂದು ಮಧ್ಯಾಹ್ನ ಕಾಶೀಬಾಯಿ ಅಕ್ಕಿ ಹಸನು ಮಾಡುತ್ತ ಮೊಬೈಲಿನಲ್ಲಿ ಗೀಗೀ ಪದ ಹಚ್ಚಿದ್ದಳು. ಅತ್ತೆ ಸೊಸೆ ಜಗಳದ ಪದ. ಟೇಪಿನ ಕಾಲದಲ್ಲಿ ಆ ಕ್ಯಾಸೆಟ್ಟು ಕೇಳದ ಮನೆ ನಮ್ಮ ಸೀಮೆಯಲ್ಲಿ ಇರಲಿಲ್ಲ. ಈಗಲೂ ಮದುವೆಗಳಲ್ಲಿ ಹಾಕುತ್ತಾರೆ.

"ಈ ಮಟ್ಟು ನಾ ಕಟ್ಟಿದ್ದು" ಎಂದೆ.

"ಹೌದೇನ್ ಆಯಿ? ಹಂಗಾರ ಗೋಳಗುಮ್ಮಟ ನಾ ಕಟ್ಟಿಸೀನಿ."

ಅವಳದೇನು ತಪ್ಪು. ಆ ಕ್ಯಾಸೆಟ್ಟಿನಲ್ಲಿ ನಾನಿಲ್ಲ. ನಾವು ಐದು ಹೆಂಗಸರ ಮೇಳ. ಬಬಲೇಶ್ವರದ ನಿಂಗವ್ವ ಯಜಮಾನಿ. ನಾವು ಮಾಡಿದ್ದು ಎರಡು ಕ್ಯಾಸೆಟ್ಟು. ಮುಂಚಿನದರಲ್ಲಿ ಮುಂದೆ ಕುಳಿತು ಹಾಡಿದವಳು ನಾನು. ಅದರಲ್ಲಿ ಇದ್ದದ್ದು ಕಬ್ಬು ಕಡಿಯಲು ಪರ ಊರಿಗೆ ಹೋಗುವ ಹೆಣ್ಣುಮಕ್ಕಳ ಪದಗಳು. ನಾನೂ ಕೆಲವು ವರ್ಷ ಗಂಡನ ಜೊತೆ ಹೋಗಿದ್ದವಳೇ. ಜನ ತೆಗೆದುಕೊಳ್ಳಲಿಲ್ಲ. ಕಬ್ಬು ಕಡಿದು ಬಂದವರಿಗೆ ಅದನ್ನೇ ಕೂತು ಕೇಳುವ ಆಸೆ ಇರಲಿಲ್ಲ, ಕಡಿಯದವರಿಗೆ ಅದು ಬೇಕಿರಲಿಲ್ಲ. ಮೇಲಾಗಿ ನನ್ನದು ಗಂಡುದನಿ. ಹೆಂಗಸರ ಮೇಳದಲ್ಲಿ ಗಂಡಸು ಯಾಕೆ ಹಾಡುತ್ತಾನೆ ಎಂದು ಕೇಳಿದರು.

ಮರುವರ್ಷ ನಿಂಗವ್ವ ಮಟ್ಟು ಅವೇ ಇಟ್ಟುಕೊಂಡು ಮಾತು ಬದಲಿಸಿದಳು, ಓಟ ಹೆಚ್ಚಿಸಿದಳು, ಮುಂದೆ ತಾನು ಕುಳಿತಳು. ಅದೇ ಹೆಸರಾದದ್ದು. ಚಲೋ ಕ್ಯಾಸೆಟ್ಟು, ಇಲ್ಲ ಎನ್ನುವುದಿಲ್ಲ. ಆದರೆ ಎಲ್ಲಿ ನಿಧಾನವಾದರೆ ಜನ ಎದ್ದು ಹೋಗುತ್ತಾರೆ, ಎಲ್ಲಿ ಹಿಂದಿನವರು ಜೀ ಎಂದು ಎತ್ತಿಕೊಳ್ಳಬೇಕು ಎಂಬುದನ್ನೆಲ್ಲ ಮೇಳ ಕಲಿತದ್ದು ನನ್ನದು ಸೋತದ್ದಕ್ಕೆ. ನನ್ನದರಲ್ಲಿ ಕಬ್ಬಿನ ಗದ್ದೆಯಲ್ಲಿ ಹೆರಿಗೆಯಾದವಳ ಪದವೊಂದಿತ್ತು. ಅಂಥದ್ದು ಹೆಸರಾದದ್ದರಲ್ಲಿ ಒಂದೂ ಇಲ್ಲ. ಆ ಹೆಸರಾದ ಕ್ಯಾಸೆಟ್ಟು ರೆಕಾರ್ಡು ಮಾಡಿದ ದಿನ ನಾನು ಹೊರಗೆ ಕುಳಿತು ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದೆ.

ಇನ್ನೊಂದು ಮಾತು. ಹೊಸದಕ್ಕೆ ಎಷ್ಟು ಕ್ಯಾಸೆಟ್ಟಿದ್ದರೂ ಸಾಲಲಿಲ್ಲ. ನನ್ನವು ಮಾರಾಟವಾಗದೆ ಮೂರು ಚೀಲ ವಾಪಸು ಬಂದಿದ್ದವು. ಅವುಗಳ ಮೇಲೇ ಹೊಸದನ್ನು ತುಂಬಿ, ಹಳೆಯ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದರು. ಕೂಲಿಗೆ ಕುಳಿತು ಆ ಕೆಲಸ ಮಾಡಿದವಳು ನಾನೇ. ಹದಿನೈದು ದಿನ ನನ್ನ ದನಿಯನ್ನು ನಾನೇ ಅಳಿಸಿದೆ. ಆಗ ದುಃಖವೇನೂ ಆಗಲಿಲ್ಲ. ಖಾಲಿ ಕ್ಯಾಸೆಟ್ಟು ತುಟ್ಟಿ, ನನ್ನದು ಯಾರಿಗೂ ಬೇಡವಾಗಿತ್ತು.

ನಗರಕ್ಕೆ ಬಂದು ವರ್ಷ ತುಂಬುವ ಮೊದಲೇ ಬಲಗೈ ಮಣಿಕಟ್ಟು ಊದಿ ಮಡಚದಾಯಿತು. ಅದೇ ವಾರ ಖಾನಾವಳಿಯವರು ರೊಟ್ಟಿ ಮಷೀನು ತಂದರು. ನಾಳೆಯಿಂದ ಬರಬೇಡ ಎಂದರು. ಕೆಲಸವಿಲ್ಲದೆ ಖೋಲಿ ಇಲ್ಲ. ಖೋಲಿ ಇಲ್ಲದಿದ್ದರೆ ಮತ್ತೆ ಶೆಡ್ಡಿನ ಮೂಲೆ. ಆ ಹೊಗೆಯಲ್ಲಿ ಇನ್ನೊಂದು ವರ್ಷ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಲಾವಿದರಿಗೆ ವಯಸ್ಸಾದ ಮೇಲೆ ಸರ್ಕಾರ ತಿಂಗಳಿಗಿಷ್ಟು ಎಂದು ಮಾಸಾಶನ ಕೊಡುತ್ತದೆ. ಕಾಶೀಬಾಯಿಯೇ ನನ್ನನ್ನು ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಗುಮಾಸ್ತ ಅರ್ಜಿ ತಿರುವಿ ನೋಡಿ, "ನೀವು ಹಾಡ್ತಿದ್ರಿ ಅನ್ನಾಕ ಏನರ ಐತೇನ್ರಿ ಅಜ್ಜಿ? ನಿಮ್ಮ ಹೆಸರಿದ್ದ ಕ್ಯಾಸೆಟ್ಟು, ಇಲ್ಲಾ ಮೇಳದ ಯಜಮಾನರ ಪತ್ರ? ಇದ ಗುರುವಾರ ಕಡೀ ದಿನ ನೋಡ್ರಿ" ಎಂದ. ಅಂದು ಸೋಮವಾರ.

ಅಂದೇ ಬಬಲೇಶ್ವರಕ್ಕೆ ಹೋದೆ. ನಿಂಗವ್ವನ ಗೋಡೆಯ ತುಂಬ ಸನ್ಮಾನದ ಫೋಟೋ. ಅವಳು ಹಾಸಿಗೆಯಿಂದ ಏಳಲಿಲ್ಲ.

"ಯಾಕ ಬಂದಿ ಬೇ ಶಾಂತಿ, ರೊಟ್ಟಿ ಮಾರಾಕೇನ್?"

"ಪತ್ರ ಬೇಕಾಗೇತಿ ಯಕ್ಕಾ. ಮುಂಚಿನ ಕ್ಯಾಸೆಟ್ಟಿನ್ಯಾಗ ನಾ ಮುಂದ ಕುಂತು ಹಾಡೀನಿ ಅಂತ ಬರದು ಕೊಡು."

"ಯಾವ ಮುಂಚಿಂದು? ಅಂಥಾದ್ದೊಂದು ಇತ್ತು ಅಂತ ಯಾರಿಗಿ ಗೊತ್ತೈತಿ?"

"ನಿನಗ ಗೊತ್ತೈತಿ."

"ನನಗ ಗೊತ್ತಿದ್ದದ್ದೆಲ್ಲಾ ಬರಕೊಂತ ಕೂಡ್ರಾಕ ನಾ ಏನ್ ಊರ ಲೆಕ್ಕಾ ಬರಿಯೋ ತಲಾಟಿಯೇನ್ಲೇ?" ಎಂದಳು. ಆಮೇಲೆ ನನ್ನ ಕೈ ನೋಡಿದಳು. "ದೊಡ್ಡ ಹೆಸರಾದ ಕ್ಯಾಸೆಟ್ಟಿನ್ಯಾಗ ತಾಳ ಹಾಕ್ಯಾಳ ಅಂತ ಬರದು ಕೊಡ್ತೀನಿ. ಆ ಹೆಸರ ಅಂದ್ರ ಯಾರೂ ಇಲ್ಲ ಅನ್ನಂಗಿಲ್ಲ."

"ಅದ್ರಾಗ ನಾ ಎಲ್ಲಿ ತಾಳ ಹಾಕೀನಿ? ಹೊರಗ ರೊಟ್ಟಿ ಬಡದೀನಿ."

"ಅದೂ ತಾಳನ ಅಲ್ಲೇನ್?" ಎಂದು ನಕ್ಕಳು.

ಖರೆ ಬರೆಯದಿದ್ದರೆ ಬೇಡ ಎಂದು ಎದ್ದು ಬಂದೆ. ಮುಂಚಿನದರ ಮಾತು ಬರೆದರೆ ಮಟ್ಟು ಯಾರದೆಂದು ಕೇಳುತ್ತಾರೆ. ಅದಕ್ಕೇ ಅವಳಿಗೆ ಹೆದರಿಕೆ.

ನಮ್ಮ ರಸ್ತೆಯಲ್ಲೇ ಬಾಷಾ ಎಂಬುವರ ರಿಪೇರಿ ಅಂಗಡಿ ಇದೆ. ಮೊದಲು ಟೇಪು, ಈಗ ಮೊಬೈಲು. ಹಳೆಯ ಕ್ಯಾಸೆಟ್ಟಿನ ಡಬ್ಬಿಯೊಂದು ಮೂಲೆಯಲ್ಲಿತ್ತು. ಮಂಗಳವಾರ ಅವರೂ ನಾನೂ ಅದನ್ನು ಸುರುವಿ ಹುಡುಕಿದೆವು. ನಿಂಗವ್ವನ ಕ್ಯಾಸೆಟ್ಟು ಒಂದು ಸಿಕ್ಕಿತು. ಚೀಟಿ ಸೊಟ್ಟಗೆ ಅಂಟಿತ್ತು, ಕೆಳಗಿನದರ ಅಂಚು ಕಾಣುತ್ತಿತ್ತು. ನಾನು ಅಂಟಿಸಿದ್ದೇ. ಕೆಳಗಿನ ಚೀಟಿಯಲ್ಲಿ ನನ್ನ ಹೆಸರಿರಬೇಕು. ನೀರು ಹಚ್ಚಿ ನಿಧಾನ ಎಬ್ಬಿಸಿದೆ. ಎರಡೂ ಕೂಡಿ ಮುದ್ದೆಯಾಗಿ ಬಂದವು. ಒಂದಕ್ಷರ ಉಳಿಯಲಿಲ್ಲ.

"ತಡೀ ಅಕ್ಕಾ, ಹಚ್ಚಿ ಅರ ನೋಡೋಣು" ಎಂದರು ಬಾಷಾ.

ಎರಡನೆಯ ಬದಿಯ ಕೊನೆಗೆ ನಿಂಗವ್ವನ ಪದ ಮುಗಿಯಿತು. ಟಕ್ ಎಂದಿತು. ಆಮೇಲೆ ನನ್ನ ದನಿ ಬಂತು, ಪದದ ನಡುವಿನಿಂದ. ಹೆರಿಗೆಯಾದವಳ ಪದ. ಹೊಸದು ನನ್ನದಕ್ಕಿಂತ ಗಿಡ್ಡ. ಅದು ಮುಗಿದ ಕೂಡಲೇ ನಾನು ಮಷೀನು ನಿಲ್ಲಿಸಿ ಮುಂದಿನ ಕ್ಯಾಸೆಟ್ಟು ಹಾಕುತ್ತಿದ್ದೆ. ಆ ಬಾಲ ಹಾಗೆಯೇ ಉಳಿದಿತ್ತು. ನಾನು ಅಳಲಿಲ್ಲ. ದನಿ ಗಟ್ಟಿಯಿತ್ತು, ಎಲ್ಲೂ ತಪ್ಪಿರಲಿಲ್ಲ.

ಬುಧವಾರ ಬಾಷಾರ ಟೇಪನ್ನು ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೋಗಿ ಗುಮಾಸ್ತನ ಮೇಜಿನ ಮೇಲೆ ಹಚ್ಚಿದೆ. ಅವನು ಪೂರ್ತಿ ಕೇಳಿದ. ಮರ್ಯಾದೆಯ ಮನುಷ್ಯ.

"ಅಜ್ಜಿ, ಇದು ಗಂಡಸಿನ ದನಿ ಐತಲ್ರಿ."

"ನಂದ ಐತಿ."

"ಹಂಗಾರ ಒಂದೀಟ ಹಾಡ್ರಿ."

ಅದೇ ಪದ ಎತ್ತಿದೆ. ಗಂಧಕ ತಿಂದ ಗಂಟಲು. ಮುರಿದ ಸಣ್ಣ ದನಿಯೊಂದು ಬಂದು ಎರಡನೆಯ ಸಾಲಿಗೆ ನಿಂತುಹೋಯಿತು. ಆಚೆ ಮೇಜಿನವರು ತಮ್ಮ ಕೆಲಸ ಮಾಡುತ್ತಿದ್ದರು.

"ಎರಡೂ ಒಂದ ದನಿ ಅಂತ ನಾ ಹೆಂಗ ಬರೀಲಿ ಹೇಳ್ರಿ?" ಎಂದ ಅವನು. "ನಾಳಿ ಪತ್ರ ತರ್ರಿ. ಅಷ್ಟ ಮಾಡ್ರಿ."

ಸಂಜೆ ಕಾಶೀಬಾಯಿ ಚಹಾ ತಂದಳು. "ಸುಳ್ಳರ ಬರಸ್ಕೊ ಆಯಿ. ತಾಳ ಹಾಕಿದ್ರ ಏನ್, ಹಾಡಿದ್ರ ಏನ್. ನೀ ಹೋದ್ರ ಈ ಖೋಲಿಗಿ ಮತ್ತ ಯಾರ ಬರ್ತಾರೋ, ಎಂಥವರೋ."

ಊರಿಗೆ ಹೋದರೆ ಈಗ ನನ್ನನ್ನು ಪ್ಯಾಟಿ ಮುದುಕಿ ಎನ್ನುತ್ತಾರೆ. ಇಲ್ಲಿ ಹಳ್ಳಿ ಆಯಿ. ಮೇಳಕ್ಕೆ ನಾನು ರೊಟ್ಟಿಯವಳು, ಖಾನಾವಳಿಗೆ ಅದೂ ಅಲ್ಲ. ಎಲ್ಲಿಯವಳು ಎಂದು ಯಾರಾದರೂ ಕೇಳಿದರೆ ಟಿಕೋಟಾದ ಆಚೆಯವಳು ಎಂದೇ ಬಾಯಿಗೆ ಬರುತ್ತದೆ. ಆದರೆ ಅಲ್ಲಿ ಮಲಗಲು ಜಾಗವಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋದೆ. ನಿಂಗವ್ವ ಇನ್ನೂ ಮುಖ ತೊಳೆದಿರಲಿಲ್ಲ. ನನ್ನನ್ನು ನೋಡಿ ನಗಲಿಲ್ಲ, ಕಾಗದ ತರಿಸಿದಳು.

"ಏನಂತ ಬರೀಲಿ?"

"ದೊಡ್ಡದ್ರಾಗ ತಾಳ ಹಾಕ್ಯಾಳ ಅಂತ ಬರಿ."

ಬರೆದಳು. ನನ್ನ ಹೆಸರು ಬರೆದಳು. ಆಮೇಲೆ ಪೆನ್ನು ಎತ್ತಿ, "ಊರು ಯಾವದ ಬರೀಲಿ ಬೇ?" ಎಂದಳು.

"ವಿಜಯಪುರ" ಎಂದೆ. ಶಾಯಿ ಆರುವವರೆಗೆ ಊದಿ, ಮಡಚಿಕೊಂಡು, ಕಚೇರಿ ತೆರೆಯುವ ಹೊತ್ತಿಗೆ ಹೋಗಿ ಕೊಟ್ಟೆ.