ಕನ್ನಡಕ ಮನೆಯಲ್ಲಿದೆ

ಮಗಳ ಶಾಲೆಯಿಂದ ಬಂದ ಆ ಕಾಗದದ ಕೊನೆಯಲ್ಲಿ ಎರಡು ಗೆರೆಗಳಿದ್ದವು. ಒಂದು ಅವಳ ಸಹಿಗೆ, ಇನ್ನೊಂದು ನನ್ನ ಸಹಿಗೆ. ಶಾಲೆಯ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದ ಇಬ್ಬರು ಹೆಂಗಸರನ್ನು ಕೆಲಸದಿಂದ ತೆಗೆದರೆಂದು ಮಗಳೂ ಅವಳ ಜೊತೆಯ ಹುಡುಗರೂ ಒಂದು ಶುಕ್ರವಾರ ಕ್ಲಾಸಿಗೆ ಹೋಗದೆ ಸಭಾಂಗಣದ ನೆಲದ ಮೇಲೆ ಕೂತಿದ್ದರು. ಮಾಡಿದ್ದು ತಪ್ಪಾಯಿತು ಎಂದು ಒಪ್ಪಿ, ಶುರು ಮಾಡಿದವರ ಹೆಸರು ಬರೆದುಕೊಟ್ಟರೆ, ಮೆಡಿಕಲ್ ಸೀಟಿಗೆ ಶಾಲೆ ಬರೆಯುವ ಶಿಫಾರಸು ಪತ್ರದಲ್ಲಿ ಈ ವಿಷಯ ಬರುವುದಿಲ್ಲವಂತೆ. ಬರೆಯದಿದ್ದರೆ ಬರುತ್ತದೆ.

"ಏನ್ ಹುಚ್ಚು ಹಿಡದದ ನಿನಗ? ಒಂದು ಸಹಿ ಹಾಕಿದ್ರ ನಿನ್ನ ಗಂಟೇನ್ ಹೋಗ್ತದ?" ಎಂದು ನಾನು ಸ್ಟ್ಯಾನ್ಮೋರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಕೂಗಾಡಿದೆ. ಐದನೇ ವಯಸ್ಸಿನಿಂದ ಡಾಕ್ಟರ್ ಆಗುತ್ತೇನೆಂದು ಕುಣಿದವಳು ಅವಳೇ.

"ಐ ವೋಂಟ್ ಗಿವ್ ನೇಮ್ಸ್, ಅಮ್ಮಾ," ಎಂದು ತಟ್ಟೆ ತೊಳೆದಿಟ್ಟು ಮೇಲೆ ಹೋದಳು. ಹೆಸರುಗಳು ನನಗೂ ಗೊತ್ತಿದ್ದವು. ಶುರು ಮಾಡಿದ ಮೂವರೂ ನಮ್ಮ ಮನೆಯ ಮೇಜಿನ ಮೇಲೆಯೇ ಪೋಸ್ಟರ್ ಬರೆದಿದ್ದರು, ನಾನೇ ಅವರಿಗೆ ಗಿರಮಿಟ್ ಮಾಡಿ ಕೊಟ್ಟಿದ್ದೆ.

ಮರುದಿನ ಮುಖ ಊದಿಸಿಕೊಂಡೇ ಕೆಲಸಕ್ಕೆ ಹೋದೆ. ಪಾರ್ಕ್ ರಾಯಲ್‌ನ ಒಂದು ಸಾಸ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ನಾನೂ ಒಬ್ಬ ಪೋಲಿಷ್ ಹೆಂಗಸೂ ಅಕ್ಕಪಕ್ಕ ಕೂತು ಸಾಸುಗಳ ಹುಳಿ, ಉಪ್ಪು ಅಳೆಯುತ್ತೇವೆ. ಮೊದಮೊದಲು ನನಗೆ ಅವಳನ್ನು ಕಂಡರಾಗುತ್ತಿರಲಿಲ್ಲ. ರಜೆಯ ಅರ್ಜಿಯಾದರೂ ಸರಿ, ಮೊದಲಿನಿಂದ ಕೊನೆಯವರೆಗೆ ಓದಿ, ಹಿಂದೆ ತಿರುಗಿಸಿ ನೋಡಿ, ಆಮೇಲೆ ಸಹಿ ಹಾಕುತ್ತಾಳೆ. ಅಷ್ಟು ಹೊತ್ತಿಗೆ ನನ್ನ ಟೀ ಆರಿರುತ್ತದೆ. ಒಂದು ದಿನ ಅವಳ ಲಾಕರಿನಿಂದ ಬಟ್ಟೆಯ ಚೀಲವೊಂದು ಕೆಳಗೆ ಬಿತ್ತು. ಒಳಗೆ ಹಲ್ಲುಜ್ಜುವ ಬ್ರಷ್, ಸೋಪು, ಉಣ್ಣೆಯ ಸಾಕ್ಸ್. ಗಂಡ ಮನೆಯಿಂದ ಹೊರಗೆ ಹಾಕುತ್ತಾನೇನೋ ಪಾಪ ಎಂದು ನಾನೇ ಒಂದು ಕತೆ ಕಟ್ಟಿಕೊಂಡು, ಮಾರನೆಯ ದಿನ ನಾಲ್ಕು ಚಪಾತಿ ಹೆಚ್ಚಿಗೆ ಒಯ್ದೆ. ಚಪಾತಿಗಳನ್ನು ತಿಂದು ಮುಗಿಸಿದ ಮೇಲೆ ಅವಳು ನಿಜ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಸರ್ಕಾರದ ಕೊನೆಯ ದಿನಗಳಲ್ಲಿ ಅವಳಿಗೆ ಹದಿನೇಳು ವರ್ಷವಂತೆ. ಶಾಲೆಯ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಕರಪತ್ರ ಹಂಚುವುದು, ಪೊಲೀಸರು ಹಿಡಿದು ನಲವತ್ತೆಂಟು ಗಂಟೆ ಕೂಡಿಹಾಕಿ ಬಿಡುವುದು, ವಾರ ಕಳೆದರೆ ಮತ್ತೆ ಹಿಡಿಯುವುದು. ಕೆಲವು ಹುಡುಗರಿಗೆ ಏಟು ಬಿತ್ತು, ಕೆಲವರನ್ನು ಸೈನ್ಯಕ್ಕೆ ಎಳೆದೊಯ್ದರು. ಆ ಎರಡು ದಿನಗಳಿಗೆಂದು ಕಟ್ಟಿಟ್ಟ ಚೀಲದ ಅಭ್ಯಾಸ ಅವಳನ್ನು ಇನ್ನೂ ಬಿಟ್ಟಿಲ್ಲ. "ಕೊನೆಯ ದಿನಗಳು ಅಂತ ನೀನು ಈಗ ಹೇಳ್ತೀಯ. ಆಗ ನಮಗೆ ಯಾರು ಹೇಳಿದ್ರು?" ಎಂದಿದ್ದಳು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಇಷ್ಟು ನನಗೆ ಗೊತ್ತಿತ್ತು. ನಾನು ಶಾಲೆಯ ಕಾಗದ ತೋರಿಸಿದ ಆ ದಿನ ಅವಳು ತನ್ನ ತಾಯಿಯ ಸುದ್ದಿ ತೆಗೆದಳು.

ತಾಯಿ ಪೋಸ್ಟ್ ಆಫೀಸಿನ ಕೌಂಟರಿನಲ್ಲಿದ್ದವಳು. ಮನೆಯಲ್ಲಿ ಮಗಳಿಗೆ ದಿನಾ ಬೈಗುಳ, ನಮ್ಮನ್ನೆಲ್ಲ ಬೀದಿಗೆ ತರುತ್ತೀ ಎಂದು ಅಳು. ಒಂದು ದಿನ ಪೊಲೀಸ್ ಅಧಿಕಾರಿ ಆ ತಾಯಿಯನ್ನೇ ಕರೆಸಿ ಒಂದು ಕಾಗದ ಮುಂದಿಟ್ಟ. ಮಗಳ ಜೊತೆ ಯಾರ್‍ಯಾರು ಇದ್ದಾರೆ ಬರೆದು ಸಹಿ ಹಾಕು, ಹುಡುಗಿಯನ್ನು ಶಾಲೆಯ ಕೊನೆಯ ಪರೀಕ್ಷೆಗೆ ಕೂರಿಸುತ್ತೇವೆ ಎಂದನಂತೆ. ಆ ಮಕ್ಕಳಿಗೆಲ್ಲ ಅವಳೇ ಸೂಪ್ ಬಡಿಸಿದ್ದಳು, ಎಲ್ಲರ ಹೆಸರೂ ಗೊತ್ತು. ಅವಳು ಕಾಗದವನ್ನು ದೂರ ಹಿಡಿದು ನೋಡಿ, "ಕನ್ನಡಕ ಮನೇಲಿ ಮರೆತು ಬಂದಿದೀನಿ. ಓದದೆ ಸಹಿ ಹಾಕೋದಿಲ್ಲ," ಎಂದಳಂತೆ. ಕನ್ನಡಕ ಅವಳ ಕೊರಳಲ್ಲೇ ನೇತಾಡುತ್ತಿತ್ತು.

"ನಾನೇ ಓದಿ ಹೇಳ್ತೀನಿ," ಎಂದನಂತೆ ಅಧಿಕಾರಿ.

"ಹಾಗಾದ್ರೆ ಸಹಿನೂ ನೀವೇ ಹಾಕಿ. ಓದಿದವರು ನೀವು ತಾನೆ."

ಮೂರು ಸಲ ಕರೆಸಿದರು, ಮೂರು ಸಲವೂ ಕನ್ನಡಕ ಮನೆಯಲ್ಲೇ ಇತ್ತು. ಅವಳನ್ನು ಕೌಂಟರಿನಿಂದ ಎಬ್ಬಿಸಿ ನೆಲಮಾಳಿಗೆಯಲ್ಲಿ ಪಾರ್ಸೆಲ್ ಹೊರುವ ಕೆಲಸಕ್ಕೆ ಹಾಕಿದರು. ಮಗಳನ್ನು ಆ ವರ್ಷ ಪರೀಕ್ಷೆಗೆ ಕೂರಿಸಲಿಲ್ಲ. ಆಮೇಲೆ ಸರ್ಕಾರವೇ ಹೋಯಿತು, ಪರೀಕ್ಷೆಯನ್ನೂ ಬರೆದಳು. ಆದರೆ ತಾಯಿಯ ಸೊಂಟನೋವು ಮಾತ್ರ ಹೋಗಲಿಲ್ಲ. "ಪ್ರತಿ ಸಲವೂ ಅಮ್ಮ ಮನೆಗೆ ಬಂದು ನನಗೆ ಮತ್ತೆ ಬೈದಳು," ಎಂದು ನಕ್ಕಳು ನನ್ನ ಗೆಳತಿ. ಬೈಯುತ್ತಲೇ ಸಾಕ್ಸ್ ಹೆಣೆಯುತ್ತಿದ್ದಳಂತೆ.

ನಾನು ಕಂಡೂ ಇರದ ಆ ಹೆಂಗಸಿನ ಮೇಲೆ ನನಗೆ ಎಲ್ಲಿಲ್ಲದ ಗೌರವ ಉಕ್ಕಿಬಂತು. ಧೈರ್ಯವಂತರೆಂದರೆ ಎದೆ ಸೆಟೆಸಿ ನಿಲ್ಲುವವರು ಎಂದುಕೊಂಡಿದ್ದೆ. ಇವಳು ಹೆದರುತ್ತಲೇ ಒಂದು ಸರ್ಕಾರವನ್ನು ಮೂರು ಸಲ ವಾಪಸ್ಸು ಕಳಿಸಿದ್ದಳು. ರಾತ್ರಿ ಊಟದ ಹೊತ್ತಿಗೆ ಮಗಳಿಗೂ ಈ ಕತೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ಸಹಿಯ ಮಾತು ತೆಗೆಯಲಿಲ್ಲ, ಯಾಕೆಂದರೆ ನಾನಿನ್ನೂ ಏನೂ ನಿರ್ಧರಿಸಿರಲಿಲ್ಲ.

ಸೋಮವಾರ ಹೆಡ್ ಟೀಚರ್ ನಮ್ಮಿಬ್ಬರನ್ನೂ ಕರೆಸಿದರು. ಒಳ್ಳೆಯ ಮನುಷ್ಯರೇ, ಕುಡಿಯಲು ನೀರು ಕೊಟ್ಟರು. ಮಗಳು ಆಗುವುದಿಲ್ಲ ಎಂದಳು. ಅವರು ನಿಟ್ಟುಸಿರು ಬಿಟ್ಟು ಕಾಗದವನ್ನು ನನ್ನತ್ತ ಸರಿಸಿದರು. ಅವಳು ಚಿಕ್ಕವಳು, ನೀವಾದರೂ ಹೆಸರು ಬರೆದು ಸಹಿ ಹಾಕಿ, ಅಷ್ಟೇ ಸಾಕು, ಅವಳ ಭವಿಷ್ಯ ನಿಮ್ಮ ಕೈಯಲ್ಲಿದೆ ಎಂದರು. ಸುಳ್ಳೇಕೆ ಹೇಳಲಿ, ನನ್ನ ಕೈ ಪೆನ್ನಿನ ಮೇಲೆ ಹೋಗಿತ್ತು. ಸ್ಟೆತಾಸ್ಕೋಪ್ ಹಾಕಿಕೊಂಡ ಮಗಳು ಕಣ್ಣ ಮುಂದೆ ಬಂದಳು. ನೆಲಮಾಳಿಗೆಯಲ್ಲಿ ಪಾರ್ಸೆಲ್ ಹೊರುವ ಆ ಹೆಂಗಸೂ ಬಂದಳು.

"ಸಾರಿ," ಎಂದೆ. ಪೆನ್ನು ಬಿಟ್ಟು ಕೈ ಹಿಂದೆ ತೆಗೆದೆ. "ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದೇನೆ. ಓದದೆ ಸಹಿ ಹಾಕುವುದಿಲ್ಲ."

ಹೆಡ್ ಟೀಚರ್ ನನ್ನ ತಲೆಯ ಕಡೆ ನೋಡಿದರು. ಕಾರಿನಿಂದ ಇಳಿಯುವಾಗ ಮೇಲಕ್ಕೆ ಸರಿಸಿದ್ದ ಕನ್ನಡಕ ಅಲ್ಲೇ ಕೂತಿತ್ತು. ಮಗಳು ಕೈ ಚಾಚಿ, ನನ್ನ ತಲೆಯ ಮೇಲಿಂದ ಕನ್ನಡಕ ತೆಗೆದು, ಮಡಚಿ, ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.