ತಂಗಿ ಮುಯ್ಯಿಗೆ ಹೋದ ದಿನ

ನಾನು ಆರನೆಯ ತರಗತಿಗೇ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ತಂಗಿಗೆ ನಾನು ಮಾಡಿದ್ದನ್ನು ಅವಳಿಗೇ ಹೇಳಲು ಐದು ವರ್ಷ ಹಿಡಿಯಿತು. ಈಗ ಬರೆದೂ ಇಡುತ್ತಿದ್ದೇನೆ.

ತಂಗಿ ಆಗ ಒಂಬತ್ತನೆಯ ತರಗತಿ. ಮುಡಬಿಯ ಹತ್ತಿರದ ನಮ್ಮ ಹಳ್ಳಿಯಿಂದ ಆಟೊದಲ್ಲಿ ಶಾಲೆಗೆ ಹೋಗುತ್ತಿದ್ದಳು. ಆ ವರ್ಷ ಆಟ ಕಲಿಸುವ ಹೊಸ ಮೇಡಂ ಬಂದು ಹುಡುಗಿಯರಿಗೆ ಖೋ ಖೋ ಶುರು ಮಾಡಿದರು. ಯಾರು ಸೇರುತ್ತೀರಿ ಎಂದಾಗ ತಂಗಿ ಕೈ ಎತ್ತಿದಳಂತೆ. ಹಾಜರಿ ಕರೆದರೂ ಕೇಳಿಸುವ ಹಾಗೆ ಉತ್ತರ ಕೊಡದ ಹುಡುಗಿ ಅದು. ಮನೆಗೆ ಬಂದು ಹೇಳಿದಾಗ ಅಪ್ಪ ನಕ್ಕ.

"ಕುಂತು ಏಳೋದು ಕಲಿಲಾಕ ಶಾಲಿ ಬೇಕೇನು? ನಿಮ್ಮವ್ವ ಒಲಿ ಮುಂದ ದಿನಾ ಅದೇ ಆಟ ಆಡ್ತಾಳ."

"ಅವ್ವಗ ಯಾರೂ ಖೋ ಅನ್ನಲ್ಲಪ್ಪ, ಅದಕ್ಕ ಆಕಿ ಓಡಲ್ಲ," ಅಂದಳು ತಂಗಿ.

ಅಪ್ಪ ಬಸವಕಲ್ಯಾಣದಿಂದ ನೀಲಿ ಟ್ರ್ಯಾಕ್ ಪ್ಯಾಂಟ್ ತಂದುಕೊಟ್ಟ. ಉದ್ದವಾಗಿತ್ತು. ಅಂಚು ಮಡಚಿ ಹೊಲಿದುಕೊಟ್ಟವಳು ನಾನೇ.

ಮೂರು ತಿಂಗಳು ಆಡಿದಳು. ಮೊಣಕಾಲು ತರಚಿಕೊಂಡು ಬಂದು ಊಟಕ್ಕೆ ಕೂತರೆ ಮಾತೇ ನಿಲ್ಲುತ್ತಿರಲಿಲ್ಲ. ಆಮೇಲೆ ಹುಮನಾಬಾದಿನಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ಇದೆ, ಮೇಡಂ ತಾವೇ ಮನೆಗೆ ಬಂದು ಕರೆದೊಯ್ಯುತ್ತಾರೆ ಎಂದಳು.

ಅದು ಸೋಯಾ ಕೊಯ್ಲಿನ ಹೊತ್ತು. ನಮ್ಮ ಕಡೆ ಸಣ್ಣ ಹೊಲದವರು ಮುಯ್ಯಿ ಮಾಡುತ್ತೇವೆ. ನೀವು ಒಂದು ದಿನ ನಮ್ಮ ಹೊಲಕ್ಕೆ ಬಂದರೆ ನಾವು ಒಂದು ದಿನ ನಿಮ್ಮ ಹೊಲಕ್ಕೆ. ಪಕ್ಕದ ಮನೆಯ ದೊಡ್ಡವ್ವ ನಮ್ಮಲ್ಲಿ ಕೊಯ್ದು ಹೋಗಿದ್ದಳು. ಆಯ್ಕೆಯ ದಿನವೇ ಅವಳ ಹೊಲದ ಸರದಿ ಬಂತು. ಮುಯ್ಯಿ ತಪ್ಪಿಸಿದ ಮನೆಗೆ ಮರುವರ್ಷ ಯಾರೂ ಕುಡುಗೋಲು ಹಿಡಿದು ಬರುವುದಿಲ್ಲ. ಅಪ್ಪ, ಅವ್ವ ಮೋರಖಂಡಿಯ ಒಂದು ಸಾವಿನ ಮನೆಗೆ ಹೋಗಿದ್ದರು. ಹೊಲಕ್ಕೆ ಹೋಗಬೇಕಾದವಳು ನಾನು.

ಬೆಳಿಗ್ಗೆ ಹೊಟ್ಟೆ ನೋವು ಎಂದು ಕೌದಿ ಹೊದ್ದು ಮಲಗಿದೆ. ನೋವು ಇರಲಿಲ್ಲ.

"ಏಳ್ರೇ, ಬಿಸಲು ಏರಾಕತ್ತದ. ಇಬ್ಬರೊಳಗ ಯಾರು ಬರ್ತೀರಿ? ಇಲ್ಲಾ, ನಿಮ್ಮ ಬೆಕ್ಕಿನ ಕೈಯಾಗ ಕುಡುಗೋಲು ಕೊಡ್ಲೇನು?" ದೊಡ್ಡವ್ವ ಬಾಗಿಲಲ್ಲಿ ನಿಂತು ಕೂಗಿದಳು.

ತಂಗಿ ನನ್ನನ್ನು ನೋಡಿದಳು. ನಾನು ಗೋಡೆ ಕಡೆ ತಿರುಗಿದೆ. ಅವಳು ಹಾಕಿಕೊಂಡಿದ್ದ ಟ್ರ್ಯಾಕ್ ಪ್ಯಾಂಟ್ ಬಿಚ್ಚಿ, ಹಳೆಯ ಲಂಗ ತೊಟ್ಟು, ಕುಡುಗೋಲು ತೆಗೆದುಕೊಂಡಳು.

"ಅಕ್ಕಾ, ಮೇಡಂ ಬಂದ್ರ ಹೊಲದ ಕಡಿ ಕಳಸು. ದೊಡ್ಡವ್ವಗ ಹೇಳಿ ಅಲ್ಲಿಂದಾನೇ ಹೋಗ್ತೀನಿ."

ಸ್ವಲ್ಪ ಹೊತ್ತಿಗೆ ಮೇಡಂ ಬಂದರು. ಆಟೊದಲ್ಲಿ ನಾಲ್ಕು ಹುಡುಗಿಯರು ಕೂತಿದ್ದರು.

"ಆಕಿ ಬರಲ್ಲಂತ್ರಿ. ಆಟ ಬ್ಯಾಡ ಅಂದಾಳ್ರಿ," ಅಂದೆ.

"ಆಕಿನೇ ಅಂದಳೇನು?"

"ಹೌದ್ರಿ."

ಹೊಲ ಎರಡು ನಿಮಿಷದ ದಾರಿ. ಆಟೊ ಬಂದ ದಾರಿಗೇ ತಿರುಗಿ ಹೋಯಿತು. ಹೊಟ್ಟೆಕಿಚ್ಚು ಎಂದುಬಿಡುವುದು ಸುಲಭ. ಆದರೆ ಆಗ ನನಗೆ ಏನೂ ಅನ್ನಿಸಲಿಲ್ಲ. ಎದ್ದು ಪಾತ್ರೆ ತೊಳೆದೆ.

ಸಂಜೆ ತಂಗಿ ಸೋಯಾ ಕಾಯಿ ಚುಚ್ಚಿದ ಕೈಗಳನ್ನು ನೀರಿನಲ್ಲಿ ಅದ್ದಿಕೊಂಡು ಕೇಳಿದಳು. "ಮೇಡಂ ಬಂದಿದ್ರೇನಕ್ಕ?"

"ಇಲ್ಲ."

"ನನಗಿಂತ ಚೊಲೋ ಆಡೋರು ಸಿಕ್ಕಿರ್ಬೇಕು ಬಿಡು."

ಶಾಲೆಯಲ್ಲಿ ಮೇಡಂ ಅವಳನ್ನು ಮತ್ತೆ ಕರೆಯಲಿಲ್ಲ. ಇವಳೂ ಅವರನ್ನಾಗಲಿ ಆಟೊದ ಹುಡುಗಿಯರನ್ನಾಗಲಿ ಕೇಳಲಿಲ್ಲ. ಆಮೇಲೆ ಯಾವುದಕ್ಕೂ ಕೈ ಎತ್ತಲಿಲ್ಲ.

ಈಗ ತಂಗಿ ಹುಮನಾಬಾದಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹೋದ ತಿಂಗಳು ಅವಳ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅಕ್ಕಿ ತೊಳೆಯುತ್ತಿದ್ದವಳ ಕೈ ನಿಂತಿತು.

"ಹಂಗಾದ್ರ ಮೇಡಂ ಬಂದಿದ್ರು?"

"ಬಂದಿದ್ರು."

"ನಮ್ಮ ಬಾಗಿಲ ತನಾ?"

"ಬಾಗಿಲ ತನಾ."

ತಂಗಿ ತೊಳೆದ ಅಕ್ಕಿ ಎತ್ತಿಕೊಂಡಳು. ಒಲೆಯ ಕಡೆ ತಿರುಗಿದಳು. ನಾನು ಊಟ ಮಾಡದೆ ಎದ್ದು ಬಸ್ಸಿಗೆ ಹೊರಟೆ. ಇರು ಅನ್ನಲಿಲ್ಲ.